ನಿಂಗಾಜಮ್ಮನ ಕದ

ಯಾರ ಹತ್ತಿರವೂ ಹೇಳಕೂಡದು ಅಂತ ಮೂರು ಸಲ ಮಾತು ತಗೊಂಡ ಮೇಲೆ ಅಜ್ಜಿ ಹೇಳಿದ ಕಥೆ ಇದು. ಅಜ್ಜಿಗೆ ಅವಳ ಅಮ್ಮ ಹೇಳಿದ್ದಂತೆ, ಅವರೂ ಹೀಗೇ ಮಾತು ತಗೊಂಡೇ ಬಾಯಿಬಿಟ್ಟಿದ್ದು. ಇಷ್ಟು ದಿನ ಸುಮ್ಮನಿದ್ದದ್ದೂ ಆಯಿತು. ಆದರೆ ಹೋದ ಯುಗಾದಿ ಆದಮೇಲೆ ಗಾಲ್ಫ್ ಕ್ಲಬ್ಬಿನವರು ಏಳನೇ ಕುಳಿಯ ಹತ್ತಿರ ಒಂದು ಹಸಿರು ಬೋರ್ಡು ನೆಟ್ಟಿದ್ದಾರೆ, ಅದರಲ್ಲಿ ಬರೆದಿರೋದು ಅರ್ಧ ಮಾತ್ರ ನಿಜ. ಶಾಲೆ ಬಸ್ಸಿಗೆ ಹೋಗುವ ದಾರಿ ಅದರ ಮುಂದೆಯೇ ಹೋಗೋದು. ದಿನಾ ಎರಡು ಸಲ ಅದನ್ನು ಓದಿಕೊಂಡು ಹೋಗೋದು, ಚಪ್ಪಲಿಯೊಳಗೆ ಕಲ್ಲು ಇಟ್ಟುಕೊಂಡು ನಡೆದ ಹಾಗೆ. ಹಾಗಾಗಿ ಒಂದೇ ಒಂದು ಸಲ, ಇಲ್ಲಿ.

ಕಾರೇಗುಡ್ಡ ನೋಡದವರಿಗೆ ಮೊದಲು ಅದು ಹೇಗಿದೆ ಅಂತ ಹೇಳಬೇಕು. ಬಯಲು ಮುಗಿದು ಕಾಡು ಶುರುವಾಗುವ ಜಾಗದಲ್ಲಿ, ಮಲಗಿದ ಎಮ್ಮೆಗಳ ಹಾಗೆ ಆರೇಳು ಗುಡ್ಡ. ಅವುಗಳ ಬೆನ್ನ ಮೇಲೆಯೇ ಗಾಲ್ಫ್ ಮೈದಾನ. ಹೆಸರಿಗೆ ಮೈದಾನ, ಸಮತಟ್ಟು ಜಾಗ ಅಂತ ಒಂದು ಚಾಪೆ ಹಾಸುವಷ್ಟೂ ಸಿಗಲ್ಲ. ಇರೋದು ಒಂಬತ್ತೇ ಕುಳಿ, ಪೂರ್ತಿ ಆಟ ಬೇಕು ಅನ್ನುವವರು ಅದನ್ನೇ ಎರಡು ಸುತ್ತು ಹಾಕ್ತಾರೆ. ಶನಿವಾರ ಭಾನುವಾರ ಮೆಂಬರುಗಳಿಗೆ ಮಾತ್ರ, ಮಿಕ್ಕ ದಿನ ಚೀಟಿ ತಗೊಂಡು ಯಾರು ಬೇಕಾದರೂ ಆಡಬಹುದು, ಬೆಳಗ್ಗೆ ಎಂಟು ಗಂಟೆ ತನಕ ನಮ್ಮ ಕಾರೇಹುಂಡಿಯ ದನಕರುಗಳೂ ಮೇಯಬಹುದು. ಗೊರಸಿನ ಗುಂಡಿಗೆ ಚೆಂಡು ಬಿದ್ದರೆ ಎತ್ತಿ ಪಕ್ಕಕ್ಕಿಟ್ಟು ಹೊಡೀಬಹುದು, ಸಗಣಿಗೆ ಬಿದ್ದರೂ ಅದೇ ನಿಯಮ ಅಂತ ಚೀಟಿಯ ಹಿಂದೆ ಅಚ್ಚು ಹಾಕಿಸಿದ್ದಾರೆ. ಮಳೆಗಾಲದಲ್ಲಿ ನೆಲ ಎಷ್ಟು ಮೆತ್ತಗೆ ಅಂದರೆ ಬಿದ್ದ ಚೆಂಡು ಬಿದ್ದಲ್ಲೇ ಹೂತುಕೊಳ್ಳುತ್ತೆ. ಶಿವರಾತ್ರಿ ಕಳೆದಮೇಲೆ ಹುಲ್ಲು ಸುಟ್ಟು ಕೆಂಪು ಗರಸು ಎದ್ದು, ಅದೇ ಚೆಂಡು ಸಿಮೆಂಟಿನ ಮೇಲೆ ಬಿಟ್ಟ ಗೋಲಿಯ ಹಾಗೆ ಓಡುತ್ತೆ. ಮೂರನೇ ಕುಳಿಯಲ್ಲಿ ನೆಲ ಎಡಕ್ಕೆ ವಾಲಿದೆ, ನೀವು ಎಷ್ಟೇ ಬಲಕ್ಕೆ ಹೊಡೆದರೂ ಚೆಂಡು ಎಡಗಡೆ ಕಟ್ಟೆಯ ನೀರು ಹುಡುಕಿಕೊಂಡು ಹೋಗುತ್ತೆ. ಐದನೇದರಲ್ಲಿ ಎರಡು ಗುಡ್ಡದ ಸಂದಿನಿಂದ ಗಾಳಿ ನುಗ್ಗುತ್ತೆ, ಟೋಪಿ ಒಂದು ಕಡೆ, ಚೆಂಡು ಒಂದು ಕಡೆ. ಏರಿ ಇಳಿದು ಏರಿ ಇಳಿದು ಆರನೇದು ಮುಗಿಸುವ ಹೊತ್ತಿಗೆ ಪೇಟೆಯಿಂದ ಬಂದವರಿಗೆ ಮಾತೇ ಹೊರಡಲ್ಲ.

ಏಳನೇದು ಎಲ್ಲದಕ್ಕಿಂತ ಬೇರೆ. ಅಲ್ಲಿ ಹೊಡೆಯುವವರಿಗೆ ಕುಳಿಯೇ ಕಾಣಿಸಲ್ಲ. ನಿಂತು ಹೊಡೆಯುವ ಕಟ್ಟೆ ಗುಡ್ಡದ ಮೂಡಗಡೆ ತಗ್ಗಿನಲ್ಲಿದೆ, ಕುಳಿ ಮತ್ತು ಅದರ ಬಾವುಟ ಪಡುವಗಡೆ ಇಳಿಜಾರಿನ ಬುಡದಲ್ಲಿ, ನಡುವೆ ಗುಡ್ಡ. ಗುಡ್ಡದ ನೆತ್ತಿಯ ಮೇಲೆ ಕರಿಕಲ್ಲಿನ ಒಂದು ಗೂಡು ಇದೆ, ಒಬ್ಬರು ಕೂತು ಒಬ್ಬರು ನಿಲ್ಲುವಷ್ಟು. ಮೂಡಗಡೆಗೆ ಒಂದು ಮರದ ಕದ. ಅಲ್ಲಿ ಆಡುವವರೆಲ್ಲ, ಮೆಂಬರೇ ಇರಲಿ ಚೀಟಿಯವರೇ ಇರಲಿ, ಮೊದಲು ಬರಿಗೈಲಿ ಗುಡ್ಡ ಹತ್ತಿ ಆ ಕದವನ್ನು ಮೂರು ಸಲ ತಟ್ಟಿ, ಸ್ವಲ್ಪ ಹೊತ್ತು ನಿಂತು, ಆಚೆ ಇಣುಕಿ, ಮತ್ತೆ ಇಳಿದು ಬಂದು ಆಮೇಲೆ ಹೊಡೀತಾರೆ. ಗುಡ್ಡಕ್ಕೂ ಕುಳಿಗೂ ಎರಡಕ್ಕೂ ನಿಂಗಾಜಿ ಕದ ಅಂತಲೇ ಹೆಸರು. ಯಾಕೆ ತಟ್ಟೋದು ಅಂತ ಕೇಳಿದರೆ ಬೋರ್ಡು ತೋರಿಸ್ತಾರೆ.

ಹಿಂದೆ ಒಮ್ಮೆ, ನಾಲ್ಕು ತಲೆಮಾರಿನ ಹಿಂದೆ, ಆ ಮೈದಾನ ಮಾಡಿಸಿದ್ದು ಮೇಲಿನ ಕಾಫಿ ತೋಟದ ದೊರೆ ಅಂತಾರೆ. ಅವನ ನಿಜವಾದ ಹೆಸರು ಊರಿನಲ್ಲಿ ಯಾರಿಗೂ ಬಾಯಿಗೆ ಬರುತ್ತಿರಲಿಲ್ಲ. ಹೊತ್ತಿಸಿದ್ದೋ ಆರಿದ್ದೋ, ಯಾವಾಗಲೂ ತುಟಿಯಲ್ಲಿ ಒಂದು ಚುಟ್ಟ ಇರುತ್ತಿತ್ತಾದ್ದರಿಂದ ಚುಟ್ಟಾ ದೊರೆ ಅಂತಿದ್ದರು. ಒಂದು ಕಡೆ ಕೂರುವ ಮನುಷ್ಯನಲ್ಲ. ಮಿಕ್ಕ ಎಂಟು ಕುಳಿ ಹಾಕಿಸುವ ತನಕ ಊರಿನವರು ಏನೂ ಅನ್ನಲಿಲ್ಲ, ಯಾಕೆಂದರೆ ಅಲ್ಲೆಲ್ಲ ಬರೀ ಕಾರೆಮುಳ್ಳು. ಏಳನೇದಕ್ಕೆ ಗುಡ್ಡದ ಪಡುವಗಡೆ ಇಳಿಜಾರು ಬೇಕು ಅಂದಾಗ ಹೆಂಗಸರೆಲ್ಲ ಎದ್ದರಂತೆ. ಆ ಇಳಿಜಾರಿಗೆ ಅಡ್ಡವಾಗಿಯೇ ಊರಿನಿಂದ ಸಿಹಿನೀರ ಬಾವಿಗೆ ಹೋಗುವ ಕಾಲುದಾರಿ. ಊರೊಳಗಿನ ಬಾವಿ ಸವಳು, ಅದರಲ್ಲಿ ಬೇಳೆ ಕೂಡ ಬೇಯಲ್ಲ. ಆ ದಾರಿ ಬಿಟ್ಟರೆ ಗುಡ್ಡ ಸುತ್ತಿಕೊಂಡು ಮೂರು ಮೈಲಿ, ತುಂಬಿದ ಬಿಂದಿಗೆ ಹೊತ್ತು. ಊರ ಯಜಮಾನ ಪುಟ್ಟಮಾದಪ್ಪ ದೊರೆಯ ಮುಂದೆ ನಿಂತು ಇದನ್ನೆಲ್ಲ ಹೇಳಿದ. ದೊರೆ ಗುಡ್ಡದ ಮೇಲೆ ಅತ್ತ ಇತ್ತ ಓಡಾಡಿ, ಕೊನೆಗೆ ಒಂದು ಉಪಾಯ ಮಾಡಿದ. ನೆತ್ತಿಯ ಮೇಲೆ ಕಲ್ಲಿನ ಗೂಡು ಕಟ್ಟಿಸಿದ, ಅದಕ್ಕೆ ಎದುರುಬದುರಾಗಿ ಎರಡು ಕದ, ಒಂದು ಮೂಡಕ್ಕೆ, ಒಂದು ಪಡುವಕ್ಕೆ. ಎರಡೂ ತೆಗೆದರೆ ಕೆಳಗೆ ನಿಂತವನಿಗೆ ಗೂಡಿನ ನಡುವೆ ಒಂದು ಕೈವಸ್ತ್ರದಷ್ಟು ಆಕಾಶ ಕಾಣುತ್ತಿತ್ತು. ಒಂದು ಮುಚ್ಚಿದರೂ ಕಾಣುತ್ತಿರಲಿಲ್ಲ.

"ಆಕಾಶ ಕಂಡರೆ ಹೊಡೀತೀನಿ, ಕದ ಕಂಡರೆ ನಿಲ್ತೀನಿ," ಅಂದನಂತೆ ದೊರೆ. ಅದಕ್ಕೆ ಎರಡು ಷರತ್ತೂ ಹಾಕಿದ. ಊರಿನವರ ತಪ್ಪಿನಿಂದ ಏನಾದರೂ ಆದರೆ ಅವತ್ತೇ ದಾರಿಗೆ ಮುಳ್ಳುಬೇಲಿ. ಕದ ಮುಚ್ಚಿರುವಾಗ ತನ್ನವರು ಯಾರಾದರೂ ಹೊಡೆದರೆ, ದಾರಿ ಸೂರ್ಯಚಂದ್ರರಿರುವ ತನಕ ಊರಿನದು.

ಕದ ಕಾಯೋಕೆ ಯಾರು ಅಂದಾಗ ಊರಿಗೆ ಊರೇ ನಿಂಗಾಜಮ್ಮನ ಹೆಸರು ಹೇಳಿತು, ದೊರೆಯೂ ಒಪ್ಪಿದ. ನಿಂಗಾಜಮ್ಮ ಸುಳ್ಳು ಹೇಳಿದ್ದನ್ನು ಕೇಳಿದವರಿರಲಿಲ್ಲ. ಸ್ವಂತ ಮಗನಿಗೆ ಹೆಣ್ಣು ಕೇಳೋಕೆ ಹೋಗಿ ಬೀಗರ ಮುಂದೆ ಕೂತು, "ನಮ್ಮ ಹೈದ ಸೋಮಾರಿ, ಹೊತ್ತು ನೆತ್ತಿಗೆ ಬಂದ್ರೂ ಏಳಾಕಿಲ್ಲ. ಆಮೇಲೆ ಬಂದು ನನ್ನ ಕೇಳ್ಬ್ಯಾಡಿ" ಅಂದವಳು. ಬೀಗರು ಆಗಲ್ಲ ಅಂತ ಎದ್ದರೆ ಹುಡುಗಿ ಚಿಕ್ಕತಾಯಿಯೇ ಒಳಗಿಂದ, ಇಷ್ಟು ನಿಜ ಹೇಳೋ ಅತ್ತೆ ಎಲ್ಲಿ ಸಿಗ್ತಾಳೆ, ನಾನು ಇದೇ ಮನೆಗೆ ಹೋಗ್ತೀನಿ ಅಂದಳಂತೆ. ಅತ್ತೆ ಸೊಸೆ ಇಬ್ಬರಿಗೂ ಒಂದೇ ಗುಣ, ಸುಮ್ಮನೆ ಕೂರೋಕೆ ಆಗ್ತಿರಲಿಲ್ಲ. ಆ ಗೂಡಿನೊಳಗೆ ನಿಂಗಾಜಮ್ಮ ನಾಲ್ಕು ವರ್ಷ ಹೇಗೆ ಕಳೆದಳೋ. ಕೂರುವಳು, ಏಳುವಳು, ಮೂಡಕ್ಕೆ ಇಣುಕುವಳು, ಪಡುವಕ್ಕೆ ಇಣುಕುವಳು, ಮತ್ತೆ ಕೂರುವಳು. ಹೆಂಗಸರು ಕೆಳಗಿನ ದಾರಿಯಲ್ಲಿ ಹೋಗುತ್ತಾ ರೇಗಿಸುತ್ತಿದ್ದರು. "ಆಕಾಸನೆಲ್ಲ ನೀನೇ ಸೆರಗಿಗೆ ಕಟ್ಕಂಡಿದ್ದೀಯಂತಲ್ಲ ನಿಂಗಾಜಕ್ಕ, ನಮ್ಗೂ ವಸಿ ಬಿಚ್ಚು" ಅನ್ನುವಳು ಪಕ್ಕದ ಮನೆ ರಾಚವ್ವ. ದೊರೆ ಕೇಳಿದ್ರೆ ನಿನ್ನ ಬಾಯಿಗೂ ಒಂದು ಕದ ಇಡಿಸ್ತಾನೆ ಅಂತ ಇವಳು ಮೇಲಿನಿಂದ ಹೇಳಿ ಕಳಿಸುವಳು.

ಅವಳ ಕೆಲಸದ ರೀತಿ ಹೀಗಿತ್ತು. ಹೆಂಗಸರು ಬಾವಿಗೆ ಹೋಗುವಾಗ ಕದ ಮುಚ್ಚಿ ಎಣಿಸುವಳು. ಎಲ್ಲರೂ ಅತ್ತ ದಾಟಿದ ಮೇಲೆ ತೆಗೆಯುವಳು. ವಾಪಸು ಮೊದಲ ಬಿಂದಿಗೆ ಕಂಡ ಕೂಡಲೆ ಮುಚ್ಚಿ, ಹೋದಷ್ಟೂ ಬಂದವು ಅಂತ ಆದಮೇಲೆ ಮತ್ತೆ ತೆಗೆಯುವಳು. ನೆತ್ತಿಯಿಂದ ದಾರಿ ದೂರ. ಸೆರಗು ಹೊದ್ದು ನಡೆಯುವ ಹೆಂಗಸರಲ್ಲಿ ಯಾರು ಯಾರು ಅಂತ ಗೊತ್ತಾಗುತ್ತಿರಲಿಲ್ಲ, ಅದರಲ್ಲೂ ಸಂಜೆಯ ನೀರಿಗೆ ಹೋದಾಗ ಪಡುವಣದ ಬಿಸಿಲು ನೇರ ಅವಳ ಕಣ್ಣಿಗೇ. ಆದರೆ ಹಿತ್ತಾಳೆ ಬಿಂದಿಗೆ ಬಿಸಿಲಿಗೆ ಫಳ್ ಅನ್ನುತ್ತಿತ್ತು. ಒಂದು ಮಿಂಚಿಗೆ ಒಂದು ಬೆರಳು ಮಡಿಚುವಳು. ನಾಲ್ಕು ವರ್ಷದಲ್ಲಿ ಒಂದು ದಿನವೂ ತಪ್ಪಿರಲಿಲ್ಲ.

ಆ ವರ್ಷದ ಕಪ್ಪಿನ ಪಂದ್ಯದ ದಿನ ಬೆಳಗ್ಗಿನಿಂದ ಗಾಳಿ. ಕದಗಳು ಕಿರ್ ಕಿರ್ ಅಂತ ಅಲುಗುತ್ತಿದ್ದವು, ಒಂದಕ್ಕೆ ಕಾಲು ಒತ್ತಿ ಇನ್ನೊಂದಕ್ಕೆ ಬೆನ್ನು ಕೊಟ್ಟು ನಿಂತಿದ್ದಳು ನಿಂಗಾಜಮ್ಮ. ಚಿಕ್ಕತಾಯಿಗೆ ಆಗ ಏಳು ತಿಂಗಳು. ನೀರಿಗೆ ಬರಬೇಡ ಅಂತ ಬೆಳಗ್ಗೆಯೇ ಹೇಳಿ ಬಂದಿದ್ದಳು. ಮನೇಲಿ ಕೂತ್ರೆ ಗೋಡೆ ನುಂಗ್ದಂಗಾಯ್ತದೆ ಅತ್ತೆ, ಅರ್ಧ ಬಿಂದಿಗೆ ತತ್ತೀನಿ ಬುಡಿ ಅಂದಿದ್ದಳು ಅವಳು. ಸಂಜೆ ನಾಲ್ಕರ ಹೊತ್ತಿಗೆ ಹೆಂಗಸರು ದಾಟಿದರು. ಹನ್ನೊಂದು ಮಿಂಚು. ಇವಳ ಹತ್ತು ಬೆರಳು ಮುಗಿದು ಇನ್ನೊಂದು ಸಲ ಹೆಬ್ಬೆರಳು.

ವಾಪಸು ಬರುವಾಗ ಅವರು ಒಟ್ಟಿಗೆ ಬರಲಿಲ್ಲ. ಗಾಳಿಗೆ ಸೆರಗು ಹಿಡಿಯಬೇಕು, ಬಿಂದಿಗೆ ಹಿಡಿಯಬೇಕು, ಒಬ್ಬರು ಬಂದು ಎಷ್ಟೋ ಹೊತ್ತಿಗೆ ಇನ್ನೊಬ್ಬರು. ಕದ ಒತ್ತಿ ಒತ್ತಿ ಹಿಡಿದು ನಿಂಗಾಜಮ್ಮನ ತೋಳು ಸೋತಿತ್ತು. ಕೆಳಗೆ ಮೂಡಗಡೆ ಚುಟ್ಟಾ ದೊರೆ, ಜೊತೆಗೆ ಬೇರೆ ತೋಟದ ಮೂರು ಜನ ದೊರೆಗಳು. ಒಬ್ಬ ಶಿಳ್ಳೆ ಹಾಕಿದ. ಇನ್ನೊಬ್ಬ ಕಬ್ಬಿಣದ ಕೋಲಿನಲ್ಲಿ ಕಲ್ಲು ಕುಟ್ಟೋಕೆ ಶುರುಮಾಡಿದ, ಟಣ್, ಟಣ್, ಟಣ್. ಚುಟ್ಟಾ ದೊರೆ ಚುಟ್ಟ ಹೊತ್ತಿಸಿದ, ಆರಿಸಿದ, ಹೊತ್ತಿಸಿದ. ಆದರೂ ಕಟ್ಟೆ ಬಿಟ್ಟು ಕದಲಲಿಲ್ಲ, ಕೋಲೆತ್ತಲಿಲ್ಲ. ನಿಂಗಾಜಮ್ಮ ಪಡುವಗಡೆ ಕದದ ಸಂದಿಗೆ ಕಣ್ಣಿಟ್ಟು ಎಣಿಸಿದಳು. ಎಂಟು. ಒಂಬತ್ತು. ತುಂಬಾ ಹೊತ್ತು ಯಾರೂ ಇಲ್ಲ. ಟಣ್, ಟಣ್. ಆಮೇಲೆ ಎರಡು ಮಿಂಚು ಒಟ್ಟೊಟ್ಟಿಗೆ, ಒಂದು ಮೇಲೆ ಒಂದು ಕೆಳಗೆ, ಬೇಗಬೇಗ ದಾಟಿ ಊರಿನ ಕಡೆಗೆ ಇಳಿದವು. ಹತ್ತು, ಹನ್ನೊಂದು. ನಿಟ್ಟುಸಿರು ಬಿಟ್ಟು ಎರಡೂ ಕದ ತೆಗೆದಳು. ಗಾಳಿ ಗೂಡಿನೊಳಗೆ ಹಾದುಹೋಯಿತು. ಕೆಳಗಿನವರಿಗೆ ಆಕಾಶ ಕಂಡಿತು.

ಚುಟ್ಟಾ ದೊರೆ ಹೊಡೆದ ಸದ್ದು ಕೇಳಿತು. ಚೆಂಡು ತಲೆಯ ಮೇಲಿಂದ ಸುಯ್ ಅಂತ ಹೋಯಿತು. ಅದೇ ಗಳಿಗೆಯಲ್ಲಿ ದಾರಿ ಪಕ್ಕದ ಕಾರೆಪೊದೆಯ ಮರೆಯಿಂದ, ಸೊಂಟಕ್ಕೆ ಕೈ ಕೊಟ್ಟುಕೊಂಡು, ಬರಿಗೈಯ ಹೆಂಗಸೊಬ್ಬಳು ಎದ್ದು ನಿಂತಳು. ಚೆಂಡು ಇಳಿಜಾರಿನ ಗಟ್ಟಿ ನೆಲಕ್ಕೆ ಒಂದು ಸಲ ಬಡಿದು, ಎಗರಿ, ಅವಳ ಕಿವಿಯ ಪಕ್ಕಕ್ಕೆ ಹೊಡೆಯಿತು. ಅವಳು ಬಿದ್ದ ರೀತಿಯಲ್ಲೇ ನಿಂಗಾಜಮ್ಮನಿಗೆ ಗೊತ್ತಾಯಿತು, ಚಿಕ್ಕತಾಯಿ ಅಂತ. ತಲೆಸುತ್ತಿ ಕೂತಿದ್ದಳಂತೆ. ನೀನು ಸುಧಾರಿಸ್ಕೊಂಡು ಬಾ ಅಂತ ರಾಚವ್ವ ಅವಳ ಬಿಂದಿಗೆಯನ್ನೂ ಸೊಂಟಕ್ಕಿಟ್ಟುಕೊಂಡು ಮುಂದೆ ಬಂದಿದ್ದಳು, ಬಿಂದಿಗೆ ಇಳಿಸಿ ವಾಪಸು ಬಂದು ಕರೆದೊಯ್ಯೋಣ ಅಂತ.

ಮುಂದಿನದನ್ನು ಹೇಳುವಾಗ ಅಜ್ಜಿ ದನಿ ತಗ್ಗಿಸ್ತಾಳೆ. ನಿಂಗಾಜಮ್ಮ ಕಿರುಚಲಿಲ್ಲ, ಓಡಲಿಲ್ಲ. ಮೊದಲು ಮೂಡಗಡೆಯ ಕದ ಮುಚ್ಚಿ ಅಗುಳಿ ಹಾಕಿದಳು. ದಾರಿಯಲ್ಲಿ ಜನ ಇದ್ದಾರೆ, ಕದ ಮುಚ್ಚಬೇಕು, ನಾಲ್ಕು ವರ್ಷದಿಂದ ಕೈಗೆ ಗೊತ್ತಿದ್ದದ್ದು ಅಷ್ಟೇ. ಆಮೇಲೆ ಪಡುವಗಡೆ ಹೊಸಿಲಿಗೆ ಬಂದು ನೋಡಿದರೆ ಹೆಂಗಸರೆಲ್ಲ ವಾಪಸು ಓಡಿ ಬಂದಿದ್ದರು. ರಾಚವ್ವ ಚಿಕ್ಕತಾಯಿಯ ತಲೆಯನ್ನು ತೊಡೆಯ ಮೇಲೆ ಹಾಕಿಕೊಂಡಿದ್ದಳು. ಚಿಕ್ಕತಾಯಿಯ ಕಾಲು ಆಡುತ್ತಿತ್ತು. ಜೀವ ಇತ್ತು. ಇಳಿಯೋಣ ಅಂತ ಒಂದು ಕಾಲು ಆಚೆ ಇಟ್ಟಾಗಲೇ ಹಿಂದೆ ಕದ ತಟ್ಟಿದ ಸದ್ದು.

ಕೂಗು ಕೇಳಿ ಚುಟ್ಟಾ ದೊರೆ ಗುಡ್ಡ ಹತ್ತಿ ಬಂದಿದ್ದ. ಪುಟ್ಟಮಾದಪ್ಪನೂ ಊರಿನ ನಾಕು ಜನ ಗಂಡಸರೂ ಅದೇ ಮೂಡಗಡೆಗೆ ಓಡಿ ಬಂದಿದ್ದರು. ಬಂದವರಿಗೆಲ್ಲ ಕಂಡದ್ದು ಮುಚ್ಚಿದ ಕದ. ಯಜಮಾನ ಅದನ್ನೇ ಕೈಮಾಡಿ ತೋರಿಸಿ, "ಕದ ಮುಚ್ಚೇ ಅದೆ, ನೋಡಿ ಬುದ್ಧಿ" ಅಂದ. ಅವನು ಸುಳ್ಳು ಹೇಳಲಿಲ್ಲ, ಅವನು ನೋಡಿದಾಗ ಮುಚ್ಚೇ ಇತ್ತು. ದೊರೆಯ ಜೊತೆಯವರಲ್ಲಿ ಶಿಳ್ಳೆಯವನು ನಾನು ಗಮನಿಸಲಿಲ್ಲ ಅಂದ, ಉಳಿದಿಬ್ಬರು ನೆಲ ನೋಡಿದರು. ದೊರೆಯ ಮುಖ ಸುಣ್ಣದ ಹಾಗಾಗಿತ್ತಂತೆ. ತುಟಿಯಿಂದ ಚುಟ್ಟ ತೆಗೆದು ಬಿಸಾಕಿ, ಕದಕ್ಕೆ ಬಾಯಿ ಹತ್ತಿರ ತಂದು ಕೇಳಿದ.

"ನಿಂಗಾಜಿ, ನಾನು ಆಕಾಶ ನೋಡಿದೆ. ನೋಡಿದ್ದು ಹೌದೋ ಅಲ್ಲವೋ, ನೀನೊಬ್ಬಳು ಹೇಳು. ನಿನ್ನ ಮಾತು ನಾನು ನಂಬ್ತೀನಿ."

ನಿಂಗಾಜಮ್ಮನ ಕೈ ಅಗುಳಿಯ ಮೇಲಿತ್ತು. ಹೌದು ಅಂದರೆ ನಾಳೆ ಬೆಳಗ್ಗೆಗೆ ಮುಳ್ಳುಬೇಲಿ. ರಾಚವ್ವ, ಅವಳ ಮಗಳು, ಬಸುರಿಯರು, ಬಾಣಂತಿಯರು, ಹುಟ್ಟಬೇಕಾದ ಮೊಮ್ಮಗು ಹೆಣ್ಣಾದರೆ ಅದೂ, ಎಲ್ಲರೂ ಮೂರು ಮೈಲಿ ಸುತ್ತಬೇಕು, ಅವಳ ಎಣಿಕೆ ತಪ್ಪಿದ್ದಕ್ಕೆ. ಅಲ್ಲ ಅಂದರೆ ಜೀವಮಾನದಲ್ಲಿ ಆಡದ ಸುಳ್ಳು, ಅದೂ ತನ್ನನ್ನೇ ನಂಬಿ ಬಂದು ಕೇಳಿದವನಿಗೆ. ಹಿಂದೆ ಇಳಿಜಾರಿನಲ್ಲಿ ಸೊಸೆ ನರಳುತ್ತಿದ್ದಳು, ಮುಂದೆ ದೊರೆ ಕದ ತಟ್ಟುತ್ತಿದ್ದ. ಒಂದು ಸಲ. ಎರಡು ಸಲ. ನಿಂಗಾಜಮ್ಮ ಹಣೆಯನ್ನು ಕದಕ್ಕೆ ಒತ್ತಿಕೊಂಡಳು. ಮೂರನೇ ಸಲ ತಟ್ಟಿದಾಗ ಆ ಸದ್ದು ಅವಳ ತಲೆಯೊಳಗೇ ಆಯಿತು. ಅವಳು ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ.

ದೊರೆ ತುಂಬಾ ಹೊತ್ತು ನಿಂತಿದ್ದ ಅಂತಾರೆ. ಆಮೇಲೆ ತಪ್ಪು ನನ್ನದೇ ಇರಬೇಕು ಅಂತ ಅಂದು ಇಳಿದು ಹೋದ. ಅದೇ ವಾರ ಕಾಗದ ಮಾಡಿಸಿ ಕೆಂಪು ಮೊಹರು ಒತ್ತಿಸಿ ದಾರಿಯನ್ನು ಊರಿಗೆ ಬರೆದುಕೊಟ್ಟ. ಆ ಕಾಗದ ಈಗಲೂ ಕ್ಲಬ್ಬಿನ ಹಾಲಿನಲ್ಲಿ ಕಟ್ಟು ಹಾಕಿಸಿ ತೂಗುಹಾಕಿದ್ದಾರೆ. ತಾನು ಕಂಡದ್ದು ಆಕಾಶವೋ, ಆತುರಕ್ಕೆ ಹಾಗೆ ಕಂಡಿತೋ ಅಂತ ಅವನಿಗೇ ಅನುಮಾನ ಹತ್ತಿತು. ಅಲ್ಲಿಂದ ಮುಂದೆ ಏಳನೇ ಕುಳಿಯಲ್ಲಿ ಅವನು ದೂರದಿಂದ ನೋಡಿ ಹೊಡೆದದ್ದೇ ಇಲ್ಲ. ತಾನೇ ಗುಡ್ಡ ಹತ್ತಿ, ಕದ ಮೂರು ಸಲ ತಟ್ಟಿ, ಕಾದು, ಆಚೆ ನೋಡಿ, ಇಳಿದು ಬರುತ್ತಿದ್ದ. ಅವನು ಹಾಗೆ ಮಾಡಿದ್ದನ್ನು ನೋಡಿ ಬೇರೆಯವರೂ ಮಾಡಿದರು.

ಚಿಕ್ಕತಾಯಿಯನ್ನು ಹೆಂಗಸರು ಮನೆಗೆ ಹೊತ್ತುಕೊಂಡು ಹೋದರು, ನಿಂಗಾಜಮ್ಮ ಮಾತ್ರ ಗೂಡು ಬಿಟ್ಟು ಏಳಲಿಲ್ಲ. ಹೆಂಗಸರು ನೀರಿಗೆ ಹೋಗುವಾಗ ಪಡುವಗಡೆ ಹೊಸಿಲಿನ ಮೇಲೆ ಮುದ್ದೆ ಇಟ್ಟು ಹೋಗುವರು, ಬರುವಾಗ ಅರ್ಧ ಉಳಿದ ತಟ್ಟೆ ತಗೊಂಡು ಬರುವರು. ರಾಚವ್ವ ಅಷ್ಟು ದಿನ ಒಂದು ಕುಚೋದ್ಯದ ಮಾತೂ ಆಡಲಿಲ್ಲವಂತೆ. ಒಂಬತ್ತನೇ ದಿನ ಚಿಕ್ಕತಾಯಿಯೇ ತಲೆಗೆ ಬಟ್ಟೆ ಸುತ್ತಿಕೊಂಡು, ರಾಚವ್ವನ ಭುಜ ಹಿಡಿದುಕೊಂಡು, ಹತ್ತು ಹೆಜ್ಜೆಗೊಮ್ಮೆ ಕೂತು ಎದ್ದು ಮೇಲೆ ಬಂದಳು. ಒಂದು ಕಿವಿ ಕೇಳಿಸುತ್ತಿರಲಿಲ್ಲ, ಆಮೇಲೂ ಕೇಳಿಸಲಿಲ್ಲ. ರಾಚವ್ವನನ್ನು ದೂರ ನಿಲ್ಲಿಸಿ ಅತ್ತೆಯ ಪಕ್ಕ ಕೂತು, ಮಗ ಹೊಟ್ಟೇಲಿ ಒದೀತಾ ಅದೆ, ಮನೆಗೆ ಬನ್ನಿ ಅಂದಳು.

"ನಾ ಬಿಂದ್ಗೆ ಎಣಿಸ್ದೆ ಕನವ್ವ," ಅಂದಳು ನಿಂಗಾಜಮ್ಮ. "ತಲೆ ಎಣಿಸ್ಬೇಕಿತ್ತು."

ಕೇಳುವ ಕಿವಿಯನ್ನು ಅತ್ತೆಯ ಕಡೆಗೆ ತಿರುಗಿಸಿಕೊಂಡು ಚಿಕ್ಕತಾಯಿ ಅಷ್ಟನ್ನೂ ಕೇಳಿದಳು, ಕದ ತೆಗೆದದ್ದು, ಮುಚ್ಚಿದ್ದು, ದೊರೆ ತಟ್ಟಿದ್ದು. ಕೇಳಿ, ಬಿಂದಿಗೆ ಕೊಟ್ಟು ಕಳಿಸಿದವಳು ನಾನಲ್ಲವಾ ಅತ್ತೆ ಅಂದಳಂತೆ. ನಿಂಗಾಜಮ್ಮ ಅವಳ ತಲೆಗೆ ಸುತ್ತಿದ ಬಟ್ಟೆ ಸರಿಮಾಡಿದಳು. ಇದನ್ನ ಯಾರ್ಗೂ ಹೇಳ್ಬ್ಯಾಡ ಅಂತ ಮೂರು ಸಲ ಮಾತು ತಗೊಂಡು ಎದ್ದಳು. ಇಬ್ಬರೂ ಪಡುವಗಡೆಯಿಂದಲೇ ಇಳಿದು ಹೋದರು. ನಿಂಗಾಜಮ್ಮ ಮತ್ತೆ ಆ ಗುಡ್ಡ ಹತ್ತಲಿಲ್ಲ. ಎರಡು ತಿಂಗಳಿಗೆ ಹುಟ್ಟಿದ ಹೆಣ್ಣುಮಗುವೇ ಅಜ್ಜಿಯ ಅಮ್ಮ.

ಈಗ ಊರಿಗೆ ನಲ್ಲಿ ಬಂದಿದೆ, ಬಾವಿಯಲ್ಲಿ ಪಾರಿವಾಳ ಗೂಡು ಕಟ್ಟಿವೆ. ದಾರಿ ಮಾತ್ರ ಇದೆ, ಬಸ್ಸಿಗೆ ಹೋಗುವವರೆಲ್ಲ ಅದರಲ್ಲೇ ಹೋಗ್ತಾರೆ. ನಿಂಗಾಜಿ ಕದ ಮುಚ್ಚಿರುವಾಗಲೇ ದೊರೆಯೊಬ್ಬ ಆತುರಪಟ್ಟು ಚೆಂಡು ಹೊಡೆದ, ಅದಕ್ಕೇ ಈ ಹೆಸರು, ಅದಕ್ಕೇ ತಟ್ಟುವ ರೂಢಿ ಅಂತ ಹಸಿರು ಬೋರ್ಡಿನಲ್ಲಿ ಬಿಳಿ ಅಕ್ಷರದಲ್ಲಿದೆ. ಓದಿದವರೆಲ್ಲ ಆ ದೊರೆಯನ್ನು ಬೈಕೊಂಡೇ ಮೇಲೆ ಹತ್ತುತ್ತಾರೆ. ಗೂಡಿನ ಪಡುವಗಡೆ ಬಾಗಿಲನ್ನು ಊರಿನವರು ಯಾವತ್ತೋ ಕಲ್ಲಿಟ್ಟು ಕಟ್ಟಿಬಿಟ್ಟಿದ್ದಾರೆ. ಮೂಡಗಡೆಯ ಕದಕ್ಕೆ ಹೊರಗೆ ಬೀಗ ಇಲ್ಲ, ಚಿಲಕ ಇಲ್ಲ. ನಿಂಗಾಜಮ್ಮ ಒಳಗಿನಿಂದ ಹಾಕಿದ ಅಗುಳಿಯೇ ಇನ್ನೂ ಇದೆ ಅಂತಾರೆ. ತಟ್ಟಿ ತಟ್ಟಿ ಮರದ ಮೇಲೆ ಒಂದು ಅಂಗೈಯಷ್ಟು ಜಾಗ ಸವೆದು ನುಣ್ಣಗಾಗಿದೆ. ಬಂದವರು ಅಲ್ಲಿಗೇ ಕೈ ಇಡ್ತಾರೆ, ಒಂದು ಸಲ, ಎರಡು ಸಲ, ಮೂರು ಸಲ. ತಟ್ಟಿ ಉಸಿರು ಬಿಗಿಹಿಡಿದು ನಿಲ್ತಾರೆ. ಸಂದಿಯಲ್ಲಿ ಗಾಳಿ ಸುಯ್ಯೆನ್ನುತ್ತೆ. ಕದ ಮುಚ್ಚೇ ಇರುತ್ತೆ, ಒಳಗಿನಿಂದ ಯಾರೂ ಓಗೊಡಲ್ಲ.